ಕಾಡಿಗಿಯ ಶನಿವಾರಗಳು

ಹೋದ ವಾರ ಅಡುಗೆಮನೆಗೆ ಸುಣ್ಣ ಹೊಡೆಸುವಾಗ ಫ್ರಿಜ್ಜಿನ ಹಿಂದಿನಿಂದ ಒಂದು ಹಳೆಯ ಕ್ಯಾಲೆಂಡರ್ ಬಿತ್ತು. ನಮ್ಮ ಕಡೆ ಕ್ಯಾಲೆಂಡರ್ ಇರುವುದು ಬರೀ ತಾರೀಖು ನೋಡುವುದಕ್ಕಲ್ಲ. ಹಾಲಿನವನು ತಪ್ಪಿಸಿದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ, ನಳಕ್ಕೆ ನೀರು ಬಿಟ್ಟ ದಿನ, ಎಲ್ಲವೂ ಅದರ ಚೌಕಗಳಲ್ಲಿ ದಾಖಲಾಗಿರುತ್ತವೆ. ಈ ಕ್ಯಾಲೆಂಡರಿನಲ್ಲಿ ಇನ್ನೊಂದು ದಾಖಲೆಯೂ ಇತ್ತು. ಸಾಲಾಗಿ ಐದು ರವಿವಾರಗಳ ಚೌಕದಲ್ಲಿ, ಕೆಂಪು ಪೆನ್ನಿನಿಂದ, ನನ್ನದೇ ದುಂಡನೆಯ ಅಕ್ಷರದಲ್ಲಿ ‘ಭೇದಿ’ ಎಂದು ಬರೆದಿತ್ತು. ಸುಣ್ಣ ಹೊಡೆಯುವವನು ಅದನ್ನು ಓದಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಭೇದಿ ನನ್ನದಲ್ಲ ಮಾರಾಯ, ನಾಯಿಯದು ಎಂದು ಹೇಳಬೇಕೆನಿಸಿತು. ಹೇಳಿದ್ದರೆ, ನಾಯಿಯ ಭೇದಿಯನ್ನು ಬರೆದಿಟ್ಟುಕೊಳ್ಳುವ ಮನುಷ್ಯನೆಂದು ಇನ್ನೂ ಕೀಳಾಗಿ ಕಾಣುತ್ತಿದ್ದ. ಹಾಗಾಗಿ ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನಾನು ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತನಾದವನು. ಮೊದಲು ಹುಲಗೂರು, ಆಮೇಲೆ ದುಂಡಸಿ, ಕೊನೆಗೆ ಈ ಶಿಗ್ಗಾವಿ. ಮಾಸ್ತರ ಒಳ್ಳೆಯವರು, ಬಾಯಿ ಮಾತ್ರ ಬಿರುಸು ಎಂದು ನನ್ನ ಬಗ್ಗೆ ಹೇಳುತ್ತಾರೆ. ಮೊದಲ ಅರ್ಧವನ್ನು ಸೌಜನ್ಯಕ್ಕೆ ಸೇರಿಸುತ್ತಾರೆ ಎಂಬುದು ನನಗೂ ಗೊತ್ತು.

ನಾಯಿ ಸಾಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಹುಬ್ಬಳ್ಳಿಯಲ್ಲಿ ನನ್ನ ಷಡ್ಡಕನೊಬ್ಬನಿದ್ದಾನೆ. ಅವನ ಮನೆಯಲ್ಲಿ ಕರುವಿನಷ್ಟು ದೊಡ್ಡದೊಂದು ವಿದೇಶಿ ನಾಯಿ ಸೋಫಾದ ಮೇಲೆ ಮಲಗುತ್ತದೆ, ಬಂದ ಬೀಗರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡುತ್ತಾರೆ. ಷಡ್ಡಕ ಹೆಂಡತಿಯ ಜೊತೆ ಕನ್ನಡದಲ್ಲಿ ಜಗಳಾಡುತ್ತಾನೆ, ನಾಯಿಯ ಜೊತೆ ಇಂಗ್ಲಿಷಿನಲ್ಲಿ ಮುದ್ದು ಮಾತಾಡುತ್ತಾನೆ. ಕುಂದುರು ಅಂದರೆ ಆ ನಾಯಿಗೆ ತಿಳಿಯುವುದಿಲ್ಲವಂತೆ. ಹುಟ್ಟಿದ್ದು ಅಲ್ಲೇ ಹುಬ್ಬಳ್ಳಿಯ ಉಣಕಲ್ಲಿನಲ್ಲಿ.

ನನ್ನ ಹುಟ್ಟೂರು ಮಾಸೂರಿನ ನಮ್ಮ ಮನೆಯಲ್ಲೂ ನಾಯಿ ಇತ್ತು. ಇತ್ತು ಎನ್ನುವುದಕ್ಕಿಂತ ಇರುತ್ತಿತ್ತು ಎನ್ನಬೇಕು. ಒಂದು ಸತ್ತರೆ ಇನ್ನೊಂದು ತಾನಾಗಿ ಬಂದು ಆ ಜಾಗದಲ್ಲಿ ಮಲಗುತ್ತಿತ್ತು, ಎಲ್ಲದಕ್ಕೂ ಹೆಸರು ರಾಜಾ. ಅವ್ವ ರೊಟ್ಟಿ ಬಡಿದು ಮುಗಿಸುವಾಗ ಪರಾತಿಗೆ ಅಂಟಿದ ಹಿಟ್ಟನ್ನೆಲ್ಲ ಕೆರೆದು ಅಂಗೈ ಅಗಲದ ಒಂದು ರೊಟ್ಟಿ ಮಾಡಿ ಅಂಗಳಕ್ಕೆ ಎಸೆಯುತ್ತಿದ್ದಳು. ನಾಯಿ ಸಾಕುವುದು ಅಲ್ಲಿಗೆ ಮುಗಿಯಿತು. ಒಮ್ಮೆ ಒಬ್ಬ ರಾಜಾ ಚಕ್ಕಡಿಯ ಕೆಳಗೆ ಎರಡು ದಿನ ಕಣ್ಣು ಬಿಡದೆ ಮಲಗಿದ್ದ. ನಾನಾಗ ನಾಲ್ಕನೆಯ ಇಯತ್ತೆ. ಅಪ್ಪನನ್ನು ಕೇಳಿದೆ. “ಅದು ತಾನ ಹುಲ್ಲ ತಿಂದು ಆರಾಮ ಆಕೈತಿ, ನೀ ಸಾಲಿಗೆ ಹೋಗು” ಎಂದ. ಸಾಲಿಗೆ ಹೋಗಿ ಬಂದೆ. ರಾಜಾನನ್ನು ಮದಗದ ಕೆರೆಯ ಕಾಲುವೆ ದಂಡೆಯಲ್ಲಿ ಹುಗಿದು ಬಂದಿದ್ದರು. ನಾನು ಅತ್ತಿರಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಹೋದ ವರ್ಷ ಮೇ ತಿಂಗಳಲ್ಲಿ ದುಂಡಸಿಯ ಒಂದು ಮದುವೆಯಲ್ಲಿ ಉಂಡು, ನಾನೂ ನನ್ನ ಹೆಂಡತಿ ಗಿರಿಜಾಳೂ ಶಿಗ್ಗಾವಿಗೆ ಬಂದು ಬಸ್ಸಿಳಿದೆವು. ಬಸ್ ಸ್ಟ್ಯಾಂಡಿನ ಹಿಂದಿನ ಗಟಾರದ ದಂಡೆಯಲ್ಲಿ ಅಕ್ಕಿಯ ಚೀಲವೊಂದು ಬಿದ್ದಿತ್ತು. ಬಾಯಿ ಕಟ್ಟಿತ್ತು. ಒಳಗೆ ಏನೋ ಅಲ್ಲಾಡುತ್ತಿತ್ತು. ಗಿರಿಜಾ ನಿಂತಳು.

“ನಡಿ, ಹಾವಿರ್ತೇತಿ” ಎಂದೆ.

“ಹಾವು ಕುಂಯ್ ಅಂತೇತೇನ್ರಿ?” ಎಂದು ಅವಳು ರೇಷ್ಮೆ ಸೀರೆಯಲ್ಲೇ ಕುಕ್ಕರಗಾಲಲ್ಲಿ ಕೂತು ಚೀಲದ ದಾರ ಬಿಚ್ಚಿದಳು.

ಒಳಗೆ ಒಂದು ನಾಯಿಮರಿ. ನಮ್ಮ ಕಡೆ ಕುನ್ನಿ ಎನ್ನುತ್ತೇವೆ. ತಲೆ, ಹೊಟ್ಟೆ, ನಡುವೆ ಪಕ್ಕೆಲುಬು, ಅಷ್ಟೇ ಅದರ ಆಸ್ತಿ. ಕಿವಿಯ ತುಂಬ ಉಣ್ಣೆ ಹುಳ ಕಚ್ಚಿಕೊಂಡಿದ್ದವು. ಇಡೀ ಮೈ ದೀಪದ ಮಸಿಯ ಹಾಗೆ ಕಪ್ಪು. ಚೀಲದ ಮೇಲಿನ ಗುರುತು ನೋಡಿದೆ. ನಮ್ಮ ಓಣಿಯ ಮೂಲೆಯ ಕಿರಾಣಿ ಅಂಗಡಿ ಚನ್ನಬಸಪ್ಪನವರು ಮಾರುವ ಅಕ್ಕಿ. ಅವರ ಅಂಗಡಿಯ ಹಿಂದೆ ನಾಯಿ ನಾಲ್ಕು ಮರಿ ಹಾಕಿತ್ತು. ಮೂರು ಗಂಡು ಮರಿಗಳನ್ನು ಜನ ಒಯ್ದಿದ್ದರು. ಹೆಣ್ಣು ಮರಿ ಯಾರಿಗೂ ಬೇಡವಾಗಿತ್ತು. ಹೆಣ್ಣು ಬೇಡ ಎನ್ನುವ ವಿಷಯದಲ್ಲಿ ನಮ್ಮವರು ಮನುಷ್ಯ, ನಾಯಿ ಎಂಬ ಭೇದ ಮಾಡುವುದಿಲ್ಲ.

ಅಲ್ಲೇ ಬಿಟ್ಟು ಬರುವವನೇ ಇದ್ದೆ, ಸುಳ್ಳು ಯಾಕೆ ಹೇಳಲಿ. ಗಿರಿಜಾ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಂದೆ ನಡೆದಳು, ನಾನು ಗೊಣಗುತ್ತ ಹಿಂದೆ ನಡೆದೆ. ಅಂಗಡಿಯ ಮುಂದೆ ಬರುವಾಗ ಚನ್ನಬಸಪ್ಪನವರು ತಕ್ಕಡಿ ಬಿಟ್ಟು ಹೊರಗೆ ಬಂದರು.

“ಮಾಸ್ತರ, ಅದನ್ಯಾಕ ತಂದ್ರಿ? ಹೆಣ್ಣ ಕುನ್ನಿ. ಮ್ಯಾಲ ಅಚ್ಚ ಕರೇದು. ಎರಡ ದಿನಾ ಬದುಕಂಗಿಲ್ಲ ಅದು” ಎಂದು ನಕ್ಕರು.

ಆ ನಗುವಿಗೆ ನಾನು ನಾಯಿ ಸಾಕಿದೆ. ದಯೆಗಲ್ಲ, ಪ್ರೀತಿಗಲ್ಲ, ಹಟಕ್ಕೆ. ಚನ್ನಬಸಪ್ಪನ ಲೆಕ್ಕ ತಪ್ಪಾಗಬೇಕು ಎಂಬ ಒಂದೇ ಕಾರಣಕ್ಕೆ ಮರುದಿನ ಬೆಳಿಗ್ಗೆ ಕುನ್ನಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಹೋದೆ. ಹೆಸರಿಟ್ಟವಳು ಗಿರಿಜಾ, ಕಾಡಿಗಿ ಎಂದು.

ಅಲ್ಲಿಯ ಡಾಕ್ಟರು ಹಿರೇಕೆರೂರು ಕಡೆಯ ಹೆಣ್ಣುಮಗಳು. ನಾನು ಹೋದಾಗ ಒಂದು ಎಮ್ಮೆಯನ್ನು ಪರೀಕ್ಷೆ ಮಾಡಿ ಭುಜದವರೆಗೆ ಕೈ ತೊಳೆದುಕೊಳ್ಳುತ್ತಿದ್ದರು. ಮರಿಯ ಕಣ್ಣುರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು, ಜಂತಿನ ಔಷಧ ಬಾಯಿಗೆ ಹಾಕಿದರು, ಕಿವಿಯ ಉಣ್ಣೆಗಳನ್ನು ಒಂದೊಂದಾಗಿ ಕಿತ್ತರು.

“ಏನ್ ಹಾಕಾಕತ್ತೀರಿ ಸರ್?”

“ಎಮ್ಮಿ ಹಾಲು. ಗಟ್ಟಿ ಹಾಲು” ಎಂದೆ ಹೆಮ್ಮೆಯಿಂದ.

“ಅದನ್ನ ಮೊದಲ ಬಂದ್ ಮಾಡ್ರಿ. ಹಸಿವಿಗೆ ಇದರ ಕರುಳ ಸುಟ್ಟ ಹೋಗೇತಿ. ಅನ್ನ ಮೆತ್ತಗ ಕುದಿಸಿ, ಒಂದು ತತ್ತಿ ಬೇಯಿಸಿ, ಅದರಾಗ ಹಿಚುಕಿ ಹಾಕ್ರಿ. ಎಣ್ಣಿ, ತುಪ್ಪ, ಸಿಹಿ ಏನೂ ಬ್ಯಾಡ.”

“ತತ್ತಿ ನಮ್ಮ ಮನ್ಯಾಗ ನಡಿಯಂಗಿಲ್ರಿ.”

“ನೀವು ತಿನ್ನಬ್ಯಾಡ್ರಿ ಸರ್. ಇದಕ್ಕ ಹಾಕ್ರಿ. ಇದರ ಮನ್ಯಾಗ ನಡೀತೇತಿ.”

ಇನ್ನು ಶಿಗ್ಗಾವಿಯಲ್ಲಿ ನಾನು ತತ್ತಿ ಕೊಳ್ಳುವುದು ಹೇಗೆ? ಮಠದ ದಾಸೋಹದಲ್ಲಿ ಬಡಿಸಲು ನಿಲ್ಲುವವನು ನಾನು. ಸಸ್ಯಾಹಾರದ ಮೇಲೆ ಎರಡು ಸಲ ಭಾಷಣ ಬೇರೆ ಮಾಡಿದ್ದೆ. ಮೂರು ದಿನ ಯೋಚಿಸಿ, ಸವಣೂರಿನ ಬಸ್ಸು ಹತ್ತಿದೆ. ಜನ ಸವಣೂರಿಗೆ ಕುರುಕಲು ಖಾರಾ ಕೊಳ್ಳಲು ಹೋಗುತ್ತಾರೆ, ವೀಳ್ಯದೆಲೆ ಕೊಳ್ಳಲು ಹೋಗುತ್ತಾರೆ. ನಾನು ತಲೆಯ ಮೇಲೆ ಟವೆಲ್ ಹಾಕಿಕೊಂಡು ತತ್ತಿ ಕೊಳ್ಳಲು ಹೋದೆ. ಪರಿಚಯದ ಮುಖ ಒಂದೂ ಇಲ್ಲದ ಗಲ್ಲಿ ಹುಡುಕಿ, ಒಂದು ಅಂಗಡಿಯ ಮುಂದೆ ನಿಂತು, ದನಿ ತಗ್ಗಿಸಿ ಒಂದು ಡಜನ್ ಎಂದೆ. ಅಂಗಡಿಯವನು ಎದ್ದು ನಿಂತು ಕೈ ಮುಗಿದ.

“ನಮಸ್ಕಾರ್ರಿ ಸರ್. ಹುಲಗೂರ ಸಾಲ್ಯಾಗ ನಿಮ್ಮ ಕಡೆ ಕಲ್ತಾವ್ರಿ. ಮಕ್ಬೂಲ್. ಹದಿನೇಳರ ಮಗ್ಗಿ ಬರಲಿಲ್ಲಂತ ಬಾಕಿನ ಮ್ಯಾಲ ನಿಂದ್ರಸಿದ್ರಿ.”

“ಇದು ನಾಯಿಗೆ” ಎಂದೆ.

“ಹೌದ್ರಿ ಸರ್, ನಾಯಿಗೆ” ಎಂದು ಅವನು ಬಹಳ ಮರ್ಯಾದೆಯಿಂದ ತಲೆಯಾಡಿಸಿದ. “ನಿಮ್ಮ ಪೈಕಿ ದೊಡ್ಡ ದೊಡ್ಡ ಮಂದಿ ಬರ್ತಾರ್ರಿ. ಎಲ್ಲಾರೂ ನಾಯಿಗೇ ಒಯ್ತಾರ. ನಾ ಯಾರ ಮುಂದೂ ಹೇಳಂಗಿಲ್ರಿ.” ತತ್ತಿಗಳನ್ನು ಎರಡು ಪದರ ಪೇಪರಿನಲ್ಲಿ ಸುತ್ತಿ, ಮೇಲೆ ಕಾಣುವಂತೆ ಒಂದು ಖಾರಾ ಪ್ಯಾಕೆಟ್ ಇಟ್ಟು ಕೊಟ್ಟ. ಅಭ್ಯಾಸವಾದ ಕೈ. ಸವಣೂರಿನಲ್ಲಿ ನನ್ನ ಹೆಸರು ಈಗ ಏನಾಗಿದೆ ಎಂದು ಕೇಳಲು ನಾನು ಹೋಗಿಲ್ಲ.

ತತ್ತಿ ಬೇಯಿಸಲು ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿದೆ. ಅದಕ್ಕೊಂದು ಬೇರೆ ಪಾತ್ರೆ, ಬೇರೆ ಚಮಚ. ಗಿರಿಜಾ ಅತ್ತ ಮುಖ ತಿರುಗಿಸಿ ನಿಂತು, ಇತ್ತ ಕಿವಿ ಕೊಟ್ಟು, “ಇನ್ನೊಂದೀಟು ಕುದೀಲ್ರಿ” ಎನ್ನುತ್ತಿದ್ದಳು. ವಾರ ಕಳೆಯಿತು. ಕಾಡಿಗಿ ತನ್ನ ಕಾಲ ಮೇಲೆ ನಿಂತಿತು. ಎರಡನೆಯ ವಾರ ನನ್ನ ಚಪ್ಪಲಿ ಕಡಿಯಿತು. ಲಸಿಕೆ ಹಾಕಿಸಿದೆ. ಮೈಮೇಲಿನ ಬೋಳು ಜಾಗಗಳಲ್ಲಿ ಕೂದಲು ಬರತೊಡಗಿತು. ಚನ್ನಬಸಪ್ಪನ ಅಂಗಡಿಯ ಮುಂದೆ ದಿನಕ್ಕೆರಡು ಸಲ ಅದನ್ನು ನಡೆಸಿಕೊಂಡು ಹೋಗುತ್ತಿದ್ದೆ, ಕೆಲಸವಿದ್ದರೂ ಇಲ್ಲದಿದ್ದರೂ.

ಆದರೆ ನಡುವೆ ಒಂದು ವಿಚಿತ್ರ. ಆರು ದಿನ ಚೆಂದ ಆಡಿಕೊಂಡಿದ್ದ ಮರಿ ಒಂದು ದಿನ ಇದ್ದಕ್ಕಿದ್ದಂತೆ ಭೇದಿ ಹತ್ತಿ ಮೂಲೆ ಸೇರುತ್ತಿತ್ತು. ನಾಲ್ಕು ದಿನದಲ್ಲಿ ಬಂದ ಮಾಂಸ ಒಂದು ದಿನದಲ್ಲಿ ಇಳಿದುಹೋಗುತ್ತಿತ್ತು. ತತ್ತಿಯ ಮೇಲೆ ಸಂಶಯಪಟ್ಟೆ, ನಳದ ನೀರಿನ ಮೇಲೆ ಪಟ್ಟೆ, ಡಾಕ್ಟರ ಮೇಲೂ ಪಟ್ಟೆ. ಭೇದಿಯಾದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತ ಹೋದೆ. ಐದನೆಯ ಸಲ ಬರೆದು ಪೆನ್ನಿನ ಟೋಪಿ ಹಾಕುವಾಗ ಕಣ್ಣಿಗೆ ಬಿತ್ತು, ಐದೂ ಒಂದೇ ಸಾಲಿನಲ್ಲಿ ಒಂದರ ಕೆಳಗೊಂದು ನಿಂತಿದ್ದವು. ಮೂವತ್ತೈದು ವರ್ಷ ಗಣಿತ ಕಲಿಸಿದವನಿಗೆ ಏಳರ ಮಗ್ಗಿ ಕಾಣಲು ಐದು ವಾರ ಬೇಕಾಯಿತು.

ಮುಂದಿನ ಶನಿವಾರ ಬೆಳಿಗ್ಗೆ ಕಿಟಕಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಕಾಡಿಗಿ ಅಂಗಳದಲ್ಲಿ ಬಿಸಿಲು ಕಾಯಿಸುತ್ತಿತ್ತು. ಮೊದಲು ಬಂದವಳು ಎರಡು ಮನೆ ಆಚೆಯ ನೀಲಕ್ಕ. ಗಂಡ ಇಲ್ಲ, ಮೂವತ್ತಾರರ ಮಗನಿಗೆ ಎಲ್ಲಿ ಹುಡುಕಿದರೂ ಹೆಣ್ಣು ಸಿಗುತ್ತಿರಲಿಲ್ಲ. ಹನುಮಪ್ಪನ ಗುಡಿಗೆ ಹೋಗಿ ಬರುವ ದಾರಿಯಲ್ಲಿ ನಮ್ಮ ಗೇಟು ತೆರೆದು, ಎಣ್ಣೆ ತೊಟ್ಟಿಕ್ಕುವ ರೊಟ್ಟಿಯೊಂದನ್ನು ಕಾಡಿಗಿಯ ಮುಂದಿಟ್ಟು, ಕೈ ಮುಗಿದು ಹೋದಳು. ಆಮೇಲೆ ಎಲ್ಲೂ ನೋಡಿರದ ಒಬ್ಬ ಮನುಷ್ಯ ಕಾರಿನಿಂದ ಇಳಿದ. ಅವನು ಕಾಡಿಗಿಯ ಮುಂಗಾಲೆತ್ತಿ ಹೊಟ್ಟೆಯನ್ನು ಸೂಕ್ಷ್ಮವಾಗಿ ನೋಡಿದ. ಕನ್ಯೆ ನೋಡಲು ಬಂದವರೂ ಅಷ್ಟು ನೋಡುವುದಿಲ್ಲ. ತೃಪ್ತಿಯಾದ ಮೇಲೆ ಎಣ್ಣೆ ಹಚ್ಚಿದ ಚಪಾತಿ, ಬೆಲ್ಲ ಇಟ್ಟ. ಮೂರನೆಯವರು, ಹಣೆಯ ತುಂಬ ವಿಭೂತಿ ಧರಿಸಿ, ಸ್ಟೀಲ್ ಡಬ್ಬಿಯಲ್ಲಿ ಎಳ್ಳೆಣ್ಣೆಯ ರೊಟ್ಟಿ ಹಿಡಿದು ಬಂದವರು ಚನ್ನಬಸಪ್ಪನವರು.

ವಿಷಯ ಇಷ್ಟು. ಹಾನಗಲ್ಲಿನ ಒಬ್ಬ ಜ್ಯೋತಿಷಿ, ಶನಿ ಕಾಟವಿದ್ದವರೆಲ್ಲ ಶನಿವಾರ ಕರಿ ನಾಯಿಗೆ ಎಣ್ಣೆ ರೊಟ್ಟಿ ಹಾಕಬೇಕು, ನಾಯಿ ಅಚ್ಚ ಕಪ್ಪಗಿರಬೇಕು, ಒಂದು ಬಿಳಿ ಕೂದಲೂ ಇರಬಾರದು ಎಂದು ಹೇಳುತ್ತಿದ್ದ. ಅಂಥ ನಾಯಿ ಸುತ್ತಮುತ್ತ ಇರಲಿಲ್ಲ, ನಮ್ಮ ಮನೆಯಲ್ಲಿತ್ತು. ಮಗನ ಮದುವೆ, ಮುಚ್ಚಿದ ಅಂಗಡಿ, ತಪ್ಪಿದ ಬಡ್ತಿ, ಕೋರ್ಟಿನ ಜಗಳ, ಎಲ್ಲರ ಶನಿಯೂ ವಾರಕ್ಕೊಮ್ಮೆ ಅವರವರ ಮನೆ ಬಿಟ್ಟು ಎರಡು ತಿಂಗಳ ಒಂದು ಮರಿಯ ಹೊಟ್ಟೆಗೆ ಇಳಿಯುತ್ತಿದ್ದ. ಶುಕ್ರವಾರ ಅದೇ ಮರಿ ಅಂಗಡಿಯ ಮೆಟ್ಟಿಲು ಹತ್ತಿದರೆ ಒದೆಯುತ್ತಿದ್ದರು, ರವಿವಾರ ಅದು ನರಳುವಾಗ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಶನಿಗೆ ಹೆದರುವ ಇಂಥ ಮಂದಿಯನ್ನು ಯಾವ ಸಾಲಿಯಲ್ಲಿ ಕೂರಿಸಿ ಏನು ಕಲಿಸಬೇಕು ಎಂದು ನನಗೆ ಮೈ ಉರಿಯಿತು.

ಹೊರಗೆ ಬಂದು ಚನ್ನಬಸಪ್ಪನ ಡಬ್ಬಿ ಹಿಡಿದೆ. “ಈ ಕುನ್ನೀನ ಚೀಲದಾಗ ಕಟ್ಟಿ ಒಗದಾವ್ರು ನೀವ ಅಲ್ಲೇನ್ರಿ?”

“ಅವಾಗ ನನಗ ಶನಿ ಐತಿ ಅನ್ನೂದು ಗೊತ್ತಿರಲಿಲ್ರಿ ಮಾಸ್ತರ” ಎಂದರು. ಮುಖದಲ್ಲಿ ಒಂದಿಷ್ಟೂ ಕಳ್ಳತನವಿರಲಿಲ್ಲ.

ಡಾಕ್ಟರು ಕೇಳಿ ಹಣೆ ಹಿಡಿದುಕೊಂಡರು. ಇದರ ಹೊಟ್ಟೆ ಎಣ್ಣೆಯನ್ನು ತಡೆಯುವುದಿಲ್ಲ, ಹೀಗೇ ಆದರೆ ಒಂದಿಲ್ಲೊಂದು ರವಿವಾರ ಸಾಯುತ್ತದೆ, ಆಮೇಲೆ ನನ್ನ ಹತ್ತಿರ ತರಬೇಡಿ ಎಂದರು. ಓಣಿಯವರಿಗೆ ತಿಳಿಸಿ ಹೇಳಿದೆ. ನೀಲಕ್ಕನಿಗೆ ಅದು ತಿಳಿಯುವ ಮಾತೇ ಆಗಿರಲಿಲ್ಲ. “ನಾಯಿಗೆ ತುತ್ತ ಹಾಕೂದು ಬ್ಯಾಡ ಅನಬಾರದ್ರಿ ಮಾಸ್ತರ, ಪಾಪ ಬರ್ತೇತಿ” ಎಂದು ನನಗೇ ಬುದ್ಧಿ ಹೇಳಿದಳು.

ಆಗ ನನಗೊಂದು ಉಪಾಯ ಹೊಳೆಯಿತು. ಒಂದು ಬಿಳಿ ಕೂದಲೂ ಇರಬಾರದು ತಾನೆ? ಶನಿವಾರ ಬೆಳಿಗ್ಗೆ ಮೂರು ಬೆರಳಿಗೆ ವಿಭೂತಿ ಹಚ್ಚಿ ಕಾಡಿಗಿಯ ಹಣೆಯ ಮೇಲೆ ಅಡ್ಡಲಾಗಿ ಎಳೆದೆ.

ಗಿರಿಜಾ ಗಾಬರಿಯಾದಳು. “ನಾಯಿ ಹಣಿಗೆ ಈಬತ್ತಿ ಹಚ್ಚತೀರೇನ್ರಿ?”

“ಚನ್ನಬಸಪ್ಪನ ಹಣಿ ಮ್ಯಾಲ ಇರಬಹುದಂದ್ರ ಇದರ ಹಣಿ ಮ್ಯಾಲ ಯಾಕ ಬ್ಯಾಡ?” ಎಂದೆ.

ಉಪಾಯ ಫಲಿಸಿತು. ಬಂದವರೆಲ್ಲ ಗೇಟಿನ ಹೊರಗೇ ನಿಂತು ನೋಡಿ, ನಾಯಿ ಈಗ ಅಚ್ಚ ಕಪ್ಪಲ್ಲವೆಂದು ರೊಟ್ಟಿ ವಾಪಸ್ ಒಯ್ದರು. ನಾನು ದಿನವಿಡೀ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅದು ಶ್ರಾವಣ ಮಾಸ. ಸೋಮವಾರ ಬೆಳಿಗ್ಗೆ ನೋಡಿದರೆ ಗೇಟಿನ ಮುಂದೆ ಹೆಂಗಸರ ಸಾಲು. ಮಾಸ್ತರ ಮನೆಯ ನಾಯಿ ವಿಭೂತಿ ಧರಿಸುತ್ತದಂತೆ ಎಂದು ಗೋಧಿ ಹುಗ್ಗಿ, ತುಪ್ಪ ತಂದಿದ್ದರು. ಆ ವಾರ ಭೇದಿ ಮಂಗಳವಾರ ಆಯಿತು.

ವಿಭೂತಿ ತೊಳೆದುಹಾಕಿ, ಗೇಟಿಗೆ ಕೀಲಿ ಜಡಿದೆ. ಯಾರ ಕೈಯಿಂದಲೂ ತಿನ್ನದಂತೆ, ನಾನು ಕೈಯಾರೆ ಕೊಟ್ಟಿದ್ದನ್ನಷ್ಟೇ ತಿನ್ನುವಂತೆ ಕಾಡಿಗಿಗೆ ದಿನಾ ಪಾಠ ಮಾಡಿದೆ. ನನ್ನ ವಿದ್ಯಾರ್ಥಿಗಳಲ್ಲಿ ಹೇಳಿದ್ದನ್ನು ಇಷ್ಟು ಬೇಗ ಕಲಿತವರು ಇನ್ನೊಬ್ಬರಿಲ್ಲ. ಶನಿವಾರವೆಲ್ಲ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. ಕೋಲು ಬೇಕಾಗಲಿಲ್ಲ, ಬಾಯಿ ಸಾಕಾಯಿತು. ಕಾರಿನಲ್ಲಿ ಬಂದವರಿಗೆ, ನಿಮ್ಮ ಶನಿ ಇಳಿಯಬೇಕಾದರೆ ಮೊದಲು ನೀವು ಕಾರು ಇಳಿದು ದುಡಿಯಿರಿ ಎನ್ನುತ್ತಿದ್ದೆ. ನೀಲಕ್ಕನಿಗೆ, ನಾಯಿ ಹೆಣ್ಣು ಹುಡುಕಿಕೊಡುವುದಿಲ್ಲ, ಮಗನಿಗೆ ಕುಡಿಯುವುದು ಬಿಡಿಸು ಎಂದೆ. ಅವಳು ಸೆರಗಿನಲ್ಲಿ ರೊಟ್ಟಿ ಮುಚ್ಚಿಕೊಂಡು ಹೋದಳು. ಆ ಮಾತು ಹೆಚ್ಚಾಯಿತು ಎಂದು ಗಿರಿಜಾ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇರಲಿ, ಕಾಡಿಗಿ ಬೆಳೆಯಿತು. ಪಕ್ಕೆಲುಬು ಮುಚ್ಚಿದವು, ಕೂದಲಿಗೆ ಹೊಳಪು ಬಂತು, ಜೋತುಬಿದ್ದಿದ್ದ ಕಿವಿಗಳಲ್ಲಿ ಒಂದು ನೆಟ್ಟಗೆ ನಿಂತಿತು. ಚನ್ನಬಸಪ್ಪನ ಲೆಕ್ಕ ತಪ್ಪಾಯಿತು ಎಂದುಕೊಂಡೆ.

ಹಾಗೆ ಒಂದು ತಿಂಗಳು ಕಳೆದಿರಬೇಕು. ಗಿರಿಜಾಳ ಕುತ್ತಿಗೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಹುಬ್ಬಳ್ಳಿಗೆ ಹೋದೆವು. ಅಲ್ಲಿಯ ಡಾಕ್ಟರು ಸೂಜಿ ಚುಚ್ಚಿ ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಗುರುವಾರ. ರಿಪೋರ್ಟು ಸೋಮವಾರ ಬರುತ್ತದೆ ಎಂದರು. ಏನಿರಬಹುದು ಎಂದು ಕೇಳಿದ್ದಕ್ಕೆ, ಈಗಲೇ ಏನೂ ಹೇಳಲಾಗದು ಎಂದರು. ಗಿರಿಜಾ ಬಸ್ಸಿನಲ್ಲಿ ಶೇಂಗಾ ತಿನ್ನುತ್ತ ಬಂದಳು. ನನ್ನ ಪಾಲಿನ ಶೇಂಗಾ ಮುಷ್ಟಿಯಲ್ಲೇ ಶಿಗ್ಗಾವಿಯವರೆಗೆ ಬಂತು. ನನಗೆ ಅವಳಿಲ್ಲದೆ ಬದುಕಲು ಬರುವುದಿಲ್ಲ. ಇಷ್ಟು ವರ್ಷದಲ್ಲಿ ಈ ಮಾತನ್ನು ಎಲ್ಲೂ ಹೇಳಿಲ್ಲ, ಬರೆಯುವುದು ಹೇಳುವುದಕ್ಕಿಂತ ಸುಲಭವೆಂದು ಇಲ್ಲಿ ಬರೆಯುತ್ತಿದ್ದೇನೆ.

ಶುಕ್ರವಾರ ಹೇಗೋ ಹೋಯಿತು. ಶನಿವಾರ ಬೆಳಿಗ್ಗೆ ಗಿರಿಜಾ ರೊಟ್ಟಿ ಬಡಿದಿಟ್ಟು ಬಚ್ಚಲಿಗೆ ಹೋದಳು. ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಯಾವಾಗ ಬುಟ್ಟಿಗೆ ಕೈ ಹಾಕಿದೆ, ಯಾವಾಗ ದೇವರ ದೀಪದ ಎಳ್ಳೆಣ್ಣೆ ಬಾಟಲಿ ತೆಗೆದೆ ಎಂದು ಹೇಳಿದರೆ ನಂಬುತ್ತೀರಾ? ಗೊತ್ತಿಲ್ಲದೆ ಮಾಡಿದೆ ಎಂದರೆ ಸುಳ್ಳು. ಗೊತ್ತಿದ್ದೇ ಮಾಡಿದೆ. ಕಡಿಮೆಯಾದರೆ ಫಲ ಕಡಿಮೆಯಾದೀತೆಂದು ಎಣ್ಣೆಯನ್ನು ಉಳಿದವರಿಗಿಂತ ಹೆಚ್ಚೇ ಸುರಿದೆ, ಮೇಲೆ ಬೆಲ್ಲದ ಹೆಂಟೆ ಇಟ್ಟೆ. ಹಿತ್ತಲಿಗೆ ಹೋಗಿ ಕಾಡಿಗಿಯನ್ನು ಕರೆದೆ. ಅದರ ಮುಂಗಾಲೆತ್ತಿ ಹೊಟ್ಟೆ ನೋಡಿದೆ. ಎಲ್ಲೂ ಬಿಳಿ ಇರಲಿಲ್ಲ. ಏನೆಂದು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಗಿರಿಜಾ ಎಂದು ಒಮ್ಮೆ ಅಂದೆ. ಕಾಡಿಗಿ ನನ್ನ ಕೈಯಿಂದ, ನಾನೇ ಕಲಿಸಿದಂತೆ, ಕತ್ತೆತ್ತಿ ನನ್ನ ಮುಖ ನೋಡಿ ಅಪ್ಪಣೆ ಸಿಕ್ಕಿತೆಂದು ಖಾತ್ರಿ ಮಾಡಿಕೊಂಡು ತಿಂದಿತು.

ರವಿವಾರ ಬೆಳಿಗ್ಗೆ ಅದು ಏಳಲಿಲ್ಲ. ಭೇದಿಯಲ್ಲಿ ರಕ್ತ. ಬೆನ್ನು ಬಿಲ್ಲಿನಂತೆ ಬಾಗಿಸಿ, ಮುಟ್ಟಿದರೆ ಚೀರುತ್ತಿತ್ತು. ರಜೆಯಾದರೂ ಡಾಕ್ಟರು ಮನೆಗೇ ಬಂದರು. ಕಿಟಕಿಯ ಸರಳಿಗೆ ಸಲಾಯಿನ್ ಬಾಟಲಿ ಕಟ್ಟಿ, ಸೂಜಿ ಚುಚ್ಚಿ, ನನ್ನ ಕಡೆ ತಿರುಗಿದರು.

“ಇದು ಎಣ್ಣೀದ ಕೆಲಸ. ಗೇಟಿಗೆ ಕೀಲಿ ಹಾಕೀರಿ, ಯಾರ ಹಾಕಿದ್ರಿ ಸರ್? ಮತ್ತ ಆ ಅಂಗಡ್ಯಾವ್ರನ?”

ನಾನು ಹೌದು ಎನ್ನಲಿಲ್ಲ. ಇಲ್ಲ ಎಂದೂ ಎನ್ನಲಿಲ್ಲ. ಡಾಕ್ಟರು ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಗಿರಾಕಿಗಳ ಎದುರು ಚನ್ನಬಸಪ್ಪನವರಿಗೆ ಚೆನ್ನಾಗಿ ಉಗಿದರು. ಅದು ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು. ನಾನು ಸಲಾಯಿನ್ ಹನಿ ನೋಡುತ್ತ ಕೂತಿದ್ದೆ.

ಗಿರಿಜಾ ಪಕ್ಕದಲ್ಲಿ ಬಂದು ಕೂತಳು. “ದೇವ್ರ ಎಣ್ಣಿ ಬಾಟ್ಲಿ ಅರ್ಧ ಖಾಲಿ ಆಗೇತಿ” ಎಂದಳು. ಅವಳು ಕಾಡಿಗಿಯ ಹೊಟ್ಟೆಯ ಮೇಲೆ ಕೈ ಇಟ್ಟು, “ನನ್ನ ಸಲುವಾಗಿ ಇದನ್ನ ಕೊಲ್ಲಬ್ಯಾಡ್ರಿ” ಎಂದಳು.

ಸೋಮವಾರ ರಿಪೋರ್ಟು ಬಂತು. ಗಂಟು ಸಾದಾ, ಹೆದರಿಕೆಯಿಲ್ಲ. ಗಿರಿಜಾ ದೇವರಿಗೆ ಊದುಬತ್ತಿ ಹಚ್ಚಿ ಮತ್ತೆ ಕಾಡಿಗಿಯ ಹತ್ತಿರವೇ ಬಂದು ಕೂತಳು. ಅದು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ನಸುಕಿನಲ್ಲಿ ಬೆರಳಿನ ತುದಿಯಿಂದ ನಾಲ್ಕು ಹನಿ ಗಂಜಿ ನೆಕ್ಕಿತು. ಅವತ್ತು ಅಂಗಡಿಗೆ ಹೋದೆ. ಇಬ್ಬರು ಮೂವರು ಗಿರಾಕಿಗಳಿದ್ದರು. ನನ್ನನ್ನು ಕಂಡದ್ದೇ ಚನ್ನಬಸಪ್ಪನವರು ಎದ್ದರು.

“ಮಾಸ್ತರ, ನನ್ನ ಕೊಳ್ಳಾಗಿನ ಲಿಂಗದಾಣಿ, ಈ ಸಲ ನಾ ಹಾಕಿಲ್ರಿ.”

“ಗೊತ್ತೈತಿ” ಎಂದೆ. “ಹಾಕಿದಾವ ನಾನ. ಗಿರಿಜಾನ ರಿಪೋರ್ಟ್ ಬರೂದಿತ್ತು. ಹಾಕಿದೆ.”

ನಗುತ್ತಾರೆ ಎಂದುಕೊಂಡು ನಿಂತೆ. ನಾನಾಗಿದ್ದರೆ ಊರು ಕೇಳುವ ಹಾಗೆ ನಗುತ್ತಿದ್ದೆ, ವರ್ಷಗಟ್ಟಲೆ ಆ ಮಾತನ್ನು ಬಿಡುತ್ತಿರಲಿಲ್ಲ. ಚನ್ನಬಸಪ್ಪನವರು ನಗಲಿಲ್ಲ. ತಕ್ಕಡಿಯನ್ನು ಪಕ್ಕಕ್ಕೆ ಸರಿಸಿ ಕೇಳಿದರು.

“ಅಕ್ಕಾರ ರಿಪೋರ್ಟ್ ಏನ ಬಂತ್ರಿ?”

“ಏನೂ ಇಲ್ಲಂತ.”

ಅವರು ಉಸಿರು ಬಿಟ್ಟು, ಗಿರಾಕಿಗಳ ಕಡೆ ತಿರುಗಿ, ಬಹಳ ಸಮಾಧಾನದಿಂದ ಹೇಳಿದರು: “ನೋಡ್ರಿ. ಫಲಾ ಕೊಡ್ತಲ್ಲ.”

ಮುಂದಿನ ಶನಿವಾರ ಗೇಟಿನ ಮುಂದೆ ಹಾನಗಲ್ಲಿನ ಕಾರುಗಳೂ ಇದ್ದವು. ಗಣಿತದ ಮಾಸ್ತರ, ದೇವರು ದಿಂಡರು ನಂಬದವರು, ಅಂಥವರೇ ಹಾಕಿದರಂತೆ, ರಿಪೋರ್ಟು ಬದಲಾಯಿತಂತೆ. ಜ್ಯೋತಿಷಿಗೂ ಸಿಗದ ಸಾಕ್ಷಿಯನ್ನು ನಾನು ಒದಗಿಸಿದ್ದೆ. ಎಂದಿನಂತೆ ಬಯ್ಯಲು ಬಾಯಿ ತೆರೆದೆ. ಮುಂದೆ ನಿಂತಿದ್ದವನೊಬ್ಬ, “ನೀವು ಹಾಕೀರಂತಲ್ರಿ?” ಎಂದು ಶಾಂತವಾಗಿ ಕೇಳಿದ. ನಾಯಿ ಮನೆಯಲ್ಲಿಲ್ಲ, ಧಾರವಾಡದ ಆಸ್ಪತ್ರೆಗೆ ಒಯ್ದಿದ್ದಾರೆ ಎಂದು ಸುಳ್ಳು ಹೇಳಿದೆ. ಕಾರುಗಳು ತಿರುಗಿ ಹೋದವು. ಒಳಗಿನ ಕೋಣೆಯಲ್ಲಿ ಗಿರಿಜಾ ಕಾಡಿಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಗಿಲು ಹಾಕಿಕೊಂಡಿದ್ದಳು.

ನೀಲಕ್ಕ ಮಾತ್ರ ಹೋಗಲಿಲ್ಲ. ಗೇಟಿನ ಸರಳು ಹಿಡಿದು ನಿಂತಿದ್ದಳು.

“ಒಳಗ ಐತಿ ಅನ್ನೂದು ನನಗ ಗೊತ್ತೈತ್ರಿ ಮಾಸ್ತರ.”

“ಐತಿ ನೀಲಕ್ಕ. ಇನ್ನೊಂದು ಹನಿ ಎಣ್ಣಿ ಹೊಟ್ಟಿಗೆ ಬಿದ್ರ ಸಾಯ್ತೇತಿ. ನನ್ನ ಕೈಯಾಗ ಸಾಯೂದ ಇತ್ತು, ಉಳಿದೇತಿ.”

“ಹಂಗಾರ ಬ್ಯಾಡ್ರಿ, ಅದಕ್ಕ ಹಾಕಂಗಿಲ್ಲ” ಎಂದಳು. ಆದರೆ ಕಾಲು ಕೀಳಲಿಲ್ಲ. “ನಿಮ್ಮ ಮನಿದು ಸರಿ ಆತು. ನನ್ನ ಮಗಂದ ನಾ ಯಾರಿಗೆ ಹಾಕ್ಲಿ? ನೀವ ಹೇಳ್ರಿ.”

ನನಗೆ ಹಿಂದಿನ ತಿಂಗಳು ಅವಳಿಗೆ ಅಂದ ಮಾತು ನೆನಪಾಯಿತು. ಕೀಲಿ ತೆಗೆದೆ. “ನನಗ ಕೊಡ್ರಿ” ಎಂದೆ.

“ನಿಮಗ?”

“ಬಣ್ಣ ನನ್ನದೂ ಕರೇದ ಐತಿ. ಬೊಗಳೂದರಾಗ ಈ ಓಣ್ಯಾಗ ನನ್ನ ಮೀರ್ಸಾವ್ರಿಲ್ಲ.”

ನಗಿಸಲೆಂದು ಅಂದದ್ದು. ಅವಳು ನಗಲಿಲ್ಲ, ಗಂಭೀರವಾಗಿ ನನ್ನನ್ನು ನೋಡಿದಳು. “ತಲಿ ಎಲ್ಲಾ ಬೆಳ್ಳಗಾಗೇತಲ್ರಿ” ಎಂದಳು. ನಾನು ಹೆಗಲ ಮೇಲಿನ ಟವೆಲ್ ತೆಗೆದು ತಲೆಗೆ ಸುತ್ತಿಕೊಂಡೆ. ಅವಳು ಸ್ವಲ್ಪ ಯೋಚನೆ ಮಾಡಿ, ಸೆರಗಿನೊಳಗಿನಿಂದ ರೊಟ್ಟಿ ತೆಗೆದು ಎರಡೂ ಕೈಯಿಂದ ನನ್ನ ಕೈಗಿಟ್ಟಳು. ಕಟ್ಟೆಯ ಮೇಲೆ ಕೂತು ಮುರಿದು ಬಾಯಿಗಿಟ್ಟೆ. ಎಣ್ಣೆ ಮೊಣಕೈವರೆಗೆ ಇಳಿಯಿತು. ಒಳಗಿನ ಕೋಣೆಯಿಂದ ಕಾಡಿಗಿ, ಆರು ದಿನದಲ್ಲಿ ಮೊದಲ ಸಲ, ಒಮ್ಮೆ ಸಣ್ಣಗೆ ಬೊಗಳಿತು. ಗೇಟಿನ ಹತ್ತಿರ ನೀಲಕ್ಕ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಳು, ನಡುವೆ ಒಮ್ಮೆ ಕಣ್ಣು ತೆರೆದು ನನ್ನ ಕೈಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿದಳು.

“ಪೂರ್ತಿ ತಿನ್ರಿ ಮಾಸ್ತರ” ಎಂದಳು. “ಚೂರೂ ಉಳಿಸಬ್ಯಾಡ್ರಿ.”

ನಾನು ಪೂರ್ತಿ ತಿಂದೆ.